ಹೊರಗೆ ನಿಂತು ಗಾಡಿ ನೋಡುವವನು

ನಮ್ಮ ಶಹಾಪುರದ ಮಂದಿ ಮಗಳಿಗೆ ಗಂಡು ನೋಡಲು ಹೋಗುವಾಗ ಸೋದರಮಾವನನ್ನು ಬಿಟ್ಟು ಹೋದಾರು, ಕಾರು ನೋಡಲು ಹೋಗುವಾಗ ಮಾತ್ರ ಮರಿಲಿಂಗಪ್ಪನನ್ನು ಬಿಟ್ಟು ಹೋಗುವುದಿಲ್ಲ. ಸುರಪುರದವರೂ ಅಷ್ಟೇ, ಯಾದಗಿರಿಯವರೂ ಅಷ್ಟೇ. ಹೊಸದಿರಲಿ, ಹತ್ತು ಕೈ ಬದಲಾದದ್ದಿರಲಿ, ನಾಲ್ಕು ಗಾಲಿಯ ಯಾವುದನ್ನೇ ಅಂಗಳಕ್ಕೆ ತರಬೇಕಾದರೂ ಅವನ ಬಾಯಿಂದ ಒಂದು ‘ಹೂಂ’ ಬೀಳಬೇಕು. ಬಿದ್ದರೆ ಪೇಡೆ ಹಂಚುತ್ತಾರೆ. ಬೀಳದಿದ್ದರೆ ಮಾರುವವನು ಬೇರೆ ಜಿಲ್ಲೆಯಲ್ಲಿ ಗಿರಾಕಿ ಹುಡುಕಿಕೊಳ್ಳಬೇಕು.

ಇಷ್ಟು ದೊಡ್ಡ ಮನುಷ್ಯ ಏನು ಮಾಡಿಕೊಂಡಿದ್ದಾನೆ ಅಂದರೆ, ಭೀಮರಾಯನಗುಡಿಯ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಬಂದ ಪತ್ರಕ್ಕೆ ಠಸ್ಸೆ ಒತ್ತಿ ನಂಬರ್ ಹಾಕುವುದು ಅವನ ಕೆಲಸ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ, ಅದೇ ಠಸ್ಸೆ. ಅಲ್ಲಿ ಅವನ ಮಾತನ್ನು ಜವಾನನೂ ಕೇಳುವುದಿಲ್ಲ. ಮನೆಯಲ್ಲಿ ಹೆಂಡತಿ ಸುಂದ್ರಮ್ಮ ಒಂದು ಸೌಟು ತರಬೇಕಾದರೂ ಅವನನ್ನು ಕೇಳದೆ ತರುತ್ತಾಳೆ. ಸಂಜೆ ಐದೂವರೆಗೆ ಬಸ್ಸಿನಿಂದ ಶಹಾಪುರದ ಸ್ಟ್ಯಾಂಡಿನಲ್ಲಿ ಇಳಿದ ಮೇಲೆಯೇ ಅವನ ನಿಜವಾದ ನೌಕರಿ ಶುರು. ಹೋಟೆಲಿನ ಮುಂದೆ ಇಬ್ಬರು ಮೂವರು ಕಾದಿರುತ್ತಾರೆ. ಚುರುಮುರಿಯ ಸುಸಲಾ ಬರುತ್ತದೆ, ಮಿರ್ಚಿ ಬರುತ್ತದೆ, ಅವನ ಕಿಸೆಯಿಂದ ಒಂದು ಉದ್ದನೆಯ ನೋಟ್‌ಬುಕ್ಕು ಹೊರಗೆ ಬರುತ್ತದೆ.

ಆ ನೋಟ್‌ಬುಕ್ಕಿನಲ್ಲಿ ಪ್ರತಿ ಗಾಡಿಗೂ ಮೂರು ಕಲಂ. ಅಂದ, ಓಟ, ನಂಬಿಕೆ. ಒಂದೊಂದಕ್ಕೂ ಹತ್ತು ಅಂಕ. ಮಿರ್ಚಿಯ ಎಣ್ಣೆ ಹತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ಅವನು ಹೇಳುವ ಮಾತೂ ಒಂದೇ.

“ಅಂದ ಅನ್ನೂದು ಅಂಗಡಿಯೊಳಗ ಕಾಣ್ತದ. ಓಟ ರೋಡಿನ ಮ್ಯಾಲ ಕಾಣ್ತದ. ನಂಬಿಕಿ ಅನ್ನೂದು ಗಾಡಿ ನಡುದಾರಿಯೊಳಗ ನಿಂತ ದಿನ ಕಾಣ್ತದ ನೋಡ್ರಿ. ಅಷ್ಟೊತ್ತಿಗೆ ಭಾಳ ತಡ ಆಗಿರ್ತದ. ಅದಕ್ಕ ಮೂರನೇ ಕಲಂ ಮೊದಲು ನೋಡ್ರಿ.”

ಕೇಳುವವರು ತಲೆದೂಗುತ್ತಾರೆ. ನಾನೂ ಪಕ್ಕದಲ್ಲಿ ಕೂತು ತಲೆದೂಗಿದ್ದೇನೆ, ಮಿರ್ಚಿಯನ್ನೂ ತಿಂದಿದ್ದೇನೆ. ನನ್ನ ಹೆಸರು ಕಾಂತೇಶ. ಇದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಮರಿಲಿಂಗಪ್ಪನ ಬಾಲ್ಯದ ಗೆಳೆಯ.

ಗಾಡಿ ನೋಡುವ ಅವನ ರೀತಿಯೂ ಬೇರೆ. ಒಳಗೆ ಕೂಡುವುದಿಲ್ಲ, ಸ್ಟೀರಿಂಗ್ ಮುಟ್ಟುವುದಿಲ್ಲ. ಕೊಳ್ಳುವವನನ್ನೇ ಕೂಡಿಸಿ ಎರಡು ಸುತ್ತು ಓಡಿಸಲು ಹೇಳುತ್ತಾನೆ. ತಾನು ಹೊರಗೆ ಕಣ್ಣು ಮುಚ್ಚಿ ನಿಂತು ಸಪ್ಪಳ ಕೇಳುತ್ತಾನೆ. ಆಮೇಲೆ ಬಗ್ಗಿ ಹೊಗೆ ನೋಡುತ್ತಾನೆ, ಟೈರಿನ ಸವೆತ ನೋಡುತ್ತಾನೆ, ನಿಂತ ಜಾಗದಲ್ಲಿ ಎಣ್ಣೆಯ ಹನಿ ಬಿದ್ದಿದೆಯೇ ಎಂದು ಮಣ್ಣು ಮೂಸುತ್ತಾನೆ. “ನೀವ ಒಮ್ಮೆ ಹೊಡೆದು ನೋಡ್ರಲ್ಲ” ಎಂದು ಯಾರಾದರೂ ಅಂದರೆ, “ಒಳಗ ಕೂತಾಂವಗ ಗಾಡಿ ಕಾಣಂಗಿಲ್ಲ ತಮ್ಮಾ, ಹೊರಗ ನಿಂತಾಂವಗ ಕಾಣ್ತದ” ಎನ್ನುತ್ತಾನೆ. ಇಂಥ ಮಾತು ಹೇಳಿದ ಮೇಲೆ ನಮ್ಮ ಮಂದಿಗೆ ಇನ್ನೇನು ಬೇಕು? ‘ಮರಿಲಿಂಗಪ್ಪ ಕಿವಿಯಿಂದಲೇ ಗಾಡಿ ನೋಡುತ್ತಾನೆ’ ಎಂದು ಸುತ್ತ ಹತ್ತು ಹಳ್ಳಿಗೆ ಹೆಸರಾಯಿತು. ಸ್ವಂತಕ್ಕೆ ಒಂದು ಗಾಡಿ ಇಲ್ಲದೆ ಬಸ್ಸಿನಲ್ಲಿ ಓಡಾಡುತ್ತಾನಲ್ಲ, ಅದನ್ನೂ ಹೊಗಳಿಕೆಗೇ ಸೇರಿಸಿಕೊಂಡರು. ಎಲ್ಲ ಗಾಡಿಗಳ ಒಳಗುಟ್ಟು ತಿಳಿದವನು ಯಾವುದನ್ನು ತಾನೇ ಕೊಂಡಾನು ಎಂದರು.

ಅವನ ಮನೆಯ ಹೊರಗೆ ಅವನ ಒಳಗುಟ್ಟು ತಿಳಿದವನು ಊರಿನಲ್ಲಿ ನಾನೊಬ್ಬನೇ. ಮರಿಲಿಂಗಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಲೈಸೆನ್ಸಿನ ಪರೀಕ್ಷೆಗೆ ಗುಲಬರ್ಗಾದಿಂದ ಇನ್ಸ್‌ಪೆಕ್ಟರು ಯಾದಗಿರಿಗೆ ಬಂದು ಒಂದು ಬಯಲಿನಲ್ಲಿ ಬೇವಿನ ಮರದ ಕೆಳಗೆ ಟೇಬಲ್ಲು ಹಾಕಿಕೊಂಡು ಕೂಡುತ್ತಿದ್ದರು. ನಾವಿಬ್ಬರೂ ಕೂಡಿಯೇ ಹೋದೆವು. ನಾನು ಹೇಗೋ ಪಾಸಾದೆ. ಮರಿಲಿಂಗಪ್ಪ ಮುಂದಕ್ಕೆ ಚೆನ್ನಾಗಿಯೇ ಹೋದ. ಹಿಂದಕ್ಕೆ ಬಾ ಎಂದಾಗ ಬಂದವನು ನಿಲ್ಲಲೇ ಇಲ್ಲ. ಗುರುತಿಗೆ ನೆಟ್ಟ ಎರಡು ಕಂಬ ಉರುಳಿಸಿದ, ನೀರಿನ ಗಡಿಗೆ ಒಡೆದ, ಇನ್ಸ್‌ಪೆಕ್ಟರ ಟೇಬಲ್ಲನ್ನು ಬೇವಿನ ಮರಕ್ಕೆ ಒತ್ತಿ ನಿಂತ. ಇನ್ಸ್‌ಪೆಕ್ಟರು ಮೈಮೇಲಿನ ನೀರು ಕೊಡವಿಕೊಳ್ಳುತ್ತ, “ಹೊಲದಾಗ ಕುಂಟಿ ಹೊಡ್ಯಾಕ ಹೋಗಪಾ. ಎತ್ತಿಗೆ ರಿವರ್ಸ್ ಇರಂಗಿಲ್ಲ” ಎಂದರು. ಬಯಲಿನ ತುಂಬ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವತ್ತಿನಿಂದ ಅವನು ಡ್ರೈವರನ ಸೀಟಿನಲ್ಲಿ ಕೂಡುವುದನ್ನೇ ಬಿಟ್ಟ.

ಅದೇ ಸಿಟ್ಟಿಗೆ ಇರಬೇಕು, ಗಾಡಿಗಳ ಬಗ್ಗೆ ಓದತೊಡಗಿದ. ಪುಸ್ತಕ ಓದಿದ, ಗ್ಯಾರೇಜುಗಳಲ್ಲಿ ಹೋಗಿ ಕೂತ, ಫೋನು ಬಂದ ಮೇಲೆ ಅದರಲ್ಲೇ ಮುಳುಗಿದ. ಮೊದಲು ಸಲಹೆ ಕೊಟ್ಟಿದ್ದು ನನಗೇ. ನಾನು ಒಂದು ಹಳೆಯ ಕಾರು ಕೊಳ್ಳಬೇಕೆಂದಾಗ ಹೊಳೆಯುವ ನೀಲಿಯದನ್ನು ಬಿಡಿಸಿ, ಮುದಿ ಎಮ್ಮೆಯ ಬಣ್ಣದ ಒಂದನ್ನು ಕೊಡಿಸಿದ. ಹನ್ನೆರಡು ವರ್ಷವಾಯಿತು, ಆ ಗಾಡಿ ಒಂದು ದಿನ ನಡುದಾರಿಯಲ್ಲಿ ನಿಂತಿಲ್ಲ. ಅವನು ‘ಹೂಂ’ ಅಂದ ಯಾವ ಗಾಡಿಯೂ ನಿಂತದ್ದನ್ನು ನಾನು ಕೇಳಿಲ್ಲ. ಓಡಿಸಲು ಬಾರದವನು ಓಡುವ ಗಾಡಿಯನ್ನೇ ಆರಿಸುತ್ತಿದ್ದ, ಅದು ಮಾತ್ರ ಖರೆ.

ಅವನ ಗುಟ್ಟನ್ನು ನಾನು ಯಾರಿಗೂ ಹೇಳಲಿಲ್ಲ. ಗೆಳೆತನಕ್ಕಾಗಿ ಎಂದು ಹೇಳಿಕೊಳ್ಳಬಹುದು, ಆದರೆ ಅದು ಸುಳ್ಳು. ಮೂರು ತಾಲೂಕು ಕೈಮುಗಿಯುವ ಮನುಷ್ಯನ ಜುಟ್ಟು ನನ್ನ ಕೈಯಲ್ಲಿದೆ ಅನ್ನುವುದು ನನಗೆ ಮಿರ್ಚಿಗಿಂತ ರುಚಿಯಾಗಿತ್ತು. ಅವನು ಕಣ್ಣು ಮುಚ್ಚಿ ಸಪ್ಪಳ ಕೇಳುವಾಗ ನಾನು ಒಮ್ಮೆ ಸಣ್ಣಗೆ ಕೆಮ್ಮುತ್ತಿದ್ದೆ. ಅವನು ಕಣ್ಣು ತೆರೆದು ನನ್ನ ಕಡೆ ನೋಡುತ್ತಿದ್ದ. ಅಷ್ಟು ಸಾಕಾಗುತ್ತಿತ್ತು ನನಗೆ.

ಹೋದ ಸಂಕ್ರಮಣದ ಹೊತ್ತಿಗೆ ಸುರಪುರದ ಬಸವಲಿಂಗ ಬಂದ. ಬೀಜ ಗೊಬ್ಬರದ ದೊಡ್ಡ ಅಂಗಡಿಯ ಮಾಲೀಕ. ವಯಸ್ಸು ನಲವತ್ತರ ಹತ್ತಿರ, ಹೊಟ್ಟೆ ಅದಕ್ಕಿಂತ ಸ್ವಲ್ಪ ಮುಂದೆ. ಮನೆಯಲ್ಲಿ ತಾಯಿ ಹಂಪಮ್ಮ, ಹೆಂಡತಿ ಕಸ್ತೂರಿ, ಇಬ್ಬರು ಮಕ್ಕಳು. ಈ ಐದು ಜನರ ಸಂಸಾರಕ್ಕೆ ಅವನು ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು ಬೇಕೆಂದು ಹಟ ಹಿಡಿದಿದ್ದ. ‘ಕೂಪೆ’ ಎನ್ನುತ್ತಾರಂತೆ ಅದಕ್ಕೆ. ಮುಂದೆ ಇಬ್ಬರು ಕೂಡಬಹುದು, ಹಿಂದಿನ ಸೀಟಿನಲ್ಲಿ ಒಂದು ಕುಂಬಳಕಾಯಿ ಕೂಡಬಹುದು.

“ಅಣ್ಣಾರ, ಹೈದರಾಬಾದಿನ್ಯಾಗ ಮೂರು ಗಾಡಿ ನೋಡೀನ್ರಿ,” ಎಂದು ಫೋನು ಮುಂದೆ ಹಿಡಿದ. “ನಮ್ಮ ಸುರಪುರಕ್ಕ ಇಂಥಾದ್ದು ಒಂದೂ ಬಂದಿಲ್ರಿ. ನೀವ ಬಂದು ಆರಿಸಿ ಕೊಡಬೇಕು.”

ಮರಿಲಿಂಗಪ್ಪ ಮೂರು ದಿನ ಆಫೀಸಿಗೆ ರಜೆ ಹಾಕಿ ಓದಿದ. ಆ ರಜೆ ಅರ್ಜಿಗೆ ಠಸ್ಸೆ ಒತ್ತಿದವನೂ ಅವನೇ. ನಾಲ್ಕನೆಯ ದಿನ ನಾವು ಮೌಲಾಲಿಯ ಕ್ರೂಸರಿನಲ್ಲಿ ಹೊರಟೆವು. ಮೌಲಾಲಿ ಶಹಾಪುರ-ಸುರಪುರ ನಡುವೆ ಹದಿನೈದು ವರ್ಷದಿಂದ ಆ ಗಾಡಿ ಓಡಿಸುವವನು. ಹನ್ನೆರಡು ಜನರ ಗಾಡಿಯಲ್ಲಿ ಇಪ್ಪತ್ತು ಜನರನ್ನು ಕೂಡಿಸಿ ಅಭ್ಯಾಸವಾದವನಿಗೆ ಅವತ್ತು ನಾವು ಮೂವರೇ ಇದ್ದದ್ದು ಬಹಳ ಕಸಿವಿಸಿಯಾಗಿತ್ತು.

ಹೈದರಾಬಾದಿನ ಆ ಅಂಗಳದಲ್ಲಿ ಮೂರು ಗಾಡಿ ಸಾಲಾಗಿ ನಿಂತಿದ್ದವು. ಕೆಂಪು, ಕಪ್ಪು, ಬಿಳಿ. ಎಲ್ಲವೂ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತಿದ್ದವು. ಮಾರುವವನು ನಮ್ಮಲ್ಲಿ ಯಾರು ಮುಖ್ಯ ಎಂದು ಕಣ್ಣಲ್ಲೇ ತೂಗಿ, ಕೆಂಪು ಗಾಡಿಯ ಕೀಲಿಯನ್ನು ಮರಿಲಿಂಗಪ್ಪನ ಮುಂದೆ ಹಿಡಿದ. ನಾನು ಕೆಮ್ಮಿದೆ. ಮರಿಲಿಂಗಪ್ಪ ಕೀಲಿಯನ್ನು ನೋಡದವನಂತೆ ಎರಡು ಹೆಜ್ಜೆ ಹಿಂದೆ ಸರಿದು, “ಬಸವಲಿಂಗ, ನೀ ಕೂಡು” ಎಂದು ಕಣ್ಣು ಮುಚ್ಚಿದ.

ಒಂದು ತಾಸಿನ ಮೇಲೆ ನೋಟ್‌ಬುಕ್ಕು ತೆರೆಯಿತು. ಕೆಂಪಿನದಕ್ಕೆ ಅಂದ ಹತ್ತು, ಓಟ ಆರು, ನಂಬಿಕೆ ಎರಡು. “ಇದು ಫೋಟೋಕ್ಕ ಹುಟ್ಟಿದ್ದು, ಪ್ರವಾಸಕ್ಕಲ್ಲ.” ಕಪ್ಪಿನದಕ್ಕೆ ಅಂದ ಏಳು, ಓಟ ಹತ್ತು, ನಂಬಿಕೆ ನಾಲ್ಕು. “ಇದು ಸುರಪುರದಾಗ ಕೆಟ್ಟು ನಿಂತ್ರ ಇದರ ಪಾರ್ಟು ಹಡಗಿನಾಗ ಬರಬೇಕು. ಹಡಗು ಕೃಷ್ಣಾ ಹೊಳಿಗೆ ಬರಂಗಿಲ್ಲ.” ಬಿಳಿಯದಕ್ಕೆ ಅಂದ ಆರು, ಓಟ ಏಳು, ನಂಬಿಕೆ ಒಂಬತ್ತು.

ಬಸವಲಿಂಗನ ಮುಖ ಇಳಿಯಿತು. ಅವನ ಜೀವವೆಲ್ಲ ಕೆಂಪಿನ ಮೇಲಿತ್ತು.

“ಬಿಳೀದು ತಗೊಂಡ್ರ ಮಂದಿ ತಹಸೀಲ್ದಾರ ಬಂದ್ರು ಅಂತ ಎದ್ದು ನಿಂತಾರ್ರಿ ಅಣ್ಣಾರ.”

“ಎದ್ದು ನಿಂತ್ರ ಛಲೋನ ಆತಲ್ಲ. ನಿನಗ ಬೇಕಾಗಿದ್ದು ಅದ ಹೌದಲ್ಲೋ?”

ಬಸವಲಿಂಗ ತಲೆ ತಗ್ಗಿಸಿದ. ಬಿಳಿಯದೇ ಆಯಿತು. ಆದರೆ ಊರಿಗೆ ಹೊರಡುವ ಮೊದಲು ಅದರ ಮೈಮೇಲೆ ಮೂಗಿನಿಂದ ಬಾಲದವರೆಗೆ ಎರಡು ಕೆಂಪು ಪಟ್ಟಿ ಅಂಟಿಸಿಕೊಂಡೇ ಬಂದ. ಮರಿಲಿಂಗಪ್ಪ ಅಂದದ ಕಲಮಿನಲ್ಲಿ ಒಂದು ಅಂಕ ಹೊಡೆದುಹಾಕಿದ.

ಬರುವಾಗ ಬಸವಲಿಂಗ ಹೊಸ ಗಾಡಿ ಓಡಿಸಿದ, ಪಕ್ಕದಲ್ಲಿ ಮರಿಲಿಂಗಪ್ಪ. ಹಿಂದೆ ಕ್ರೂಸರಿನಲ್ಲಿ ನಾನು ಮತ್ತು ಮೌಲಾಲಿ. ಕೊಡಂಗಲ್ ದಾಟುವವರೆಗೆ ಅವರು ನಮ್ಮ ಕಣ್ಣಿಗೇ ಬೀಳಲಿಲ್ಲ. ಗುರುಮಿಠಕಲ್ಲಿನ ಈಚೆ ಸಿಕ್ಕರು. ಅಲ್ಲಿಂದ ಮುಂದೆ ಪ್ರತಿ ಹಳ್ಳಿಯವರೂ ರೋಡಿಗೆ ಅಡ್ಡವಾಗಿ ತಮಗೆ ತಿಳಿದ ಎತ್ತರಕ್ಕೆ ಬ್ರೇಕರ್ ಹಾಕಿಕೊಂಡಿದ್ದಾರೆ. ಒಂದೊಂದು ಬ್ರೇಕರಿಗೂ ಮರಿಲಿಂಗಪ್ಪ ಕೆಳಗಿಳಿದು, ಗಾಡಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡುತ್ತ, ಕೈಬೀಸಿ ಕೈಬೀಸಿ ದಾಟಿಸುತ್ತಿದ್ದ. ಗಂಟೆಗೆ ಇನ್ನೂರು ಹೋಗುವ ಗಾಡಿಯನ್ನು ಹಿಂದಿನಿಂದ ಬಂದ ಎತ್ತಿನ ಬಂಡಿ ದಾಟಿ ಹೋಯಿತು.

ಯಾದಗಿರಿಗೆ ಇನ್ನೂ ಹತ್ತು ಕಿಲೋಮೀಟರು ಇರುವಾಗ ಒಂದು ಕಡೆ ಹುರಳಿ ಬಳ್ಳಿಯನ್ನು ರೋಡಿನ ತುಂಬ ಹಾಸಿದ್ದರು. ನಮ್ಮ ಕಡೆ ಅದು ಪದ್ಧತಿ. ಲಾರಿ ಬಸ್ಸು ಅದರ ಮೇಲೆ ಹಾದುಹೋಗಿ ಕಾಳು ಬಿಡಿಸಿಕೊಡಬೇಕು, ಹೊಲದವರು ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಕ್ರೂಸರಿಗೆ ಅದೇನೂ ಅಲ್ಲ. ಸ್ಪೋರ್ಟ್ಸ್ ಕಾರಿನ ಹೊಟ್ಟೆಯ ಕೆಳಗೆ ಮಾತ್ರ ಅರ್ಧ ಹೊಲ ಸುತ್ತಿಕೊಂಡಿತು. ಅದು ನಿಂತಿತು. ಒಬ್ಬ ಮುದುಕಿ ಸುತ್ತ ಬಂದು ನೋಡಿ, “ಯಪ್ಪಾ, ಇದರ ಹೊಟ್ಟಿ ನೆಲಕ್ಕ ಹತ್ಯಾದಲ್ಲ, ದಿನ ತುಂಬ್ಯಾವೇನು?” ಎಂದಳು. ಮೌಲಾಲಿ ಅವಳ ಕುಡುಗೋಲನ್ನೇ ಇಸಿದುಕೊಂಡು ಗಾಡಿಯ ಕೆಳಗೆ ತೂರಿ ಬಳ್ಳಿ ಕೊಯ್ದು ತೆಗೆದ. ಮರಿಲಿಂಗಪ್ಪ ಮಾತ್ರ ಎಂಜಿನ್ನಿಗೆ ಕಿವಿ ಕೊಟ್ಟು, “ಒಂದು ಚೂರೂ ಪೆಟ್ಟಾಗಿಲ್ಲ ನೋಡು, ಒಂಬತ್ತು ಅಂಕ ಸುಮ್ಮನ ಹಾಕಿಲ್ಲ” ಎಂದ. ಖರೆ, ಗಾಡಿ ಹಾಡಿದಂತೆ ಶುರುವಾಯಿತು.

ಇಲ್ಲಿಯವರೆಗೆ ಎಲ್ಲ ನಗೆಯೇ. ಪೂಜೆಯ ದಿನ ಬಂದಾಗ ನಗೆ ಬೇರೆ ಕಡೆ ತಿರುಗಿತು.

ಬಸವಲಿಂಗನಿಗೆ ಕೈಗುಣದ ಮೇಲೆ ಬಹಳ ನಂಬಿಕೆ. ಬೀಜದ ವ್ಯಾಪಾರದಲ್ಲಿ ಅದು ಇರಲೇಬೇಕು. ಮುಂಗಾರಿಗೆ ಮೊದಲ ಬೀಜದ ಚೀಲವನ್ನು ಅವನ ಅಂಗಡಿಯಲ್ಲಿ ಹಂಪಮ್ಮನೇ ಎತ್ತಿ ಕೊಡಬೇಕು. ಆ ಕೈಯಿಂದ ಪಡೆಯಬೇಕೆಂದು ರೈತರು ಬೆಳಗಿನಿಂದ ಪಾಳಿ ಹಚ್ಚುತ್ತಾರೆ. ಹೊಸ ಗಾಡಿಗೆ ಪೂಜೆ ಮಾಡಿದಾಗ ನಾಲ್ಕು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಅದರ ಮೇಲೆ ಹಾಯಿಸುತ್ತಾರಲ್ಲ, ಅದನ್ನು ಸಾಮಾನ್ಯವಾಗಿ ಮಾಲೀಕನೇ ಮಾಡುತ್ತಾನೆ. ಬಸವಲಿಂಗ ಮಾತ್ರ ಬೇರೆ ಯೋಚಿಸಿದ್ದ. ಯಾರ ಕೈಗುಣದಿಂದ ಇಷ್ಟು ವರ್ಷ ಒಂದು ಗಾಡಿಯೂ ನಿಂತಿಲ್ಲವೋ, ಅವರೇ ಹಾಯಿಸಬೇಕು. ಯಾರಿಗೂ ಹೇಳದೆ ಗುಟ್ಟಾಗಿ ಇಟ್ಟಿದ್ದ. ಅಣ್ಣಾರಿಗೆ ಖುಷಿಯಾಗಲಿ ಎಂದು.

ರವಿವಾರ ತಿಂಥಣಿಯ ಮೌನೇಶ್ವರನ ಗುಡಿಗೆ ಹೋದೆವು. ಕೂಪೆಯಲ್ಲಿ ಬಸವಲಿಂಗ ಒಬ್ಬನೇ ಬಂದ. ಹಂಪಮ್ಮ ಒಮ್ಮೆ ಅದರೊಳಗೆ ಕೂತು ನೋಡಿದ್ದಳಂತೆ, ಎಬ್ಬಿಸಲು ಮೂವರು ಬೇಕಾದರಂತೆ. ಹೀಗಾಗಿ ಅವಳು, ಕಸ್ತೂರಿ, ಮಕ್ಕಳು, ಬೀಗರು, ಅಂಗಡಿಯ ಗಿರಾಕಿಗಳು, ಎಲ್ಲರೂ ಮೌಲಾಲಿಯ ಕ್ರೂಸರಿನಲ್ಲಿ. ಅವತ್ತು ಮೌಲಾಲಿಗೆ ಸಮಾಧಾನವಾಗಿತ್ತು.

ಪೂಜಾರಿ ವಿಭೂತಿ ಹಚ್ಚಿದ, ಕಾಯಿ ಒಡೆದ, ನಿಂಬೆಹಣ್ಣು ಇಟ್ಟ. ಬಸವಲಿಂಗ ಒಂದು ಹೂವಿನ ಹಾರವನ್ನು ಗಾಡಿಗೆ ಹಾಕಿ, ಇನ್ನೊಂದನ್ನು ಮರಿಲಿಂಗಪ್ಪನ ಕೊರಳಿಗೆ ಹಾಕಿದ. ಆಮೇಲೆ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು, “ಅಣ್ಣಾರ, ನಿಂಬಿಹಣ್ಣು ನಿಮ್ಮ ಕೈಲೆನ ಆಗಬೇಕ್ರಿ” ಎಂದ. ಸುತ್ತ ನಿಂತ ಐವತ್ತು ಅರವತ್ತು ಮಂದಿ ಚಪ್ಪಾಳೆ ಹೊಡೆದರು.

ಮರಿಲಿಂಗಪ್ಪ ನಗಲು ನೋಡಿದ. “ಒಳಗ ಕೂತಾಂವಗ...” ಎಂದು ಶುರುಮಾಡಿದ. ಬಸವಲಿಂಗ ಆಗಲೇ ಬಾಗಿಲು ತೆರೆದು, ಅವನ ಭುಜ ಹಿಡಿದು ಒಳಗೆ ಕೂಡಿಸಿ, ಬಾಗಿಲು ಹಾಕಿಬಿಟ್ಟ.

ಗಾಜಿನೊಳಗೆ ಹಾರ ಹಾಕಿಕೊಂಡ ಅವನ ಮುಖ ಕಾಣುತ್ತಿತ್ತು. ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು. ಮುಂದೆ ಹತ್ತು ಮಾರು ಬಯಲು, ಅದರಾಚೆ ಹೆಂಗಸರು ಮಕ್ಕಳು, ಅದರಾಚೆ ಹೊಳೆ. ಅವನು ನನ್ನ ಕಡೆ ನೋಡಿದ. ‘ತಡಿ, ಅವನಿಗೆ ಮೈ ಹುಷಾರಿಲ್ಲ, ನಾನು ಹಾಯಿಸುತ್ತೇನೆ’ ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಕೃಷ್ಣಾ ಹೊಳೆಯಲ್ಲಿ ನೀರು ಎಷ್ಟಿದೆ ಎಂದು ನೋಡುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಏನಾಗುತ್ತದೆ ನೋಡೋಣ ಎಂಬ ಆಸೆ ನನಗೆ ಇತ್ತು.

ಬಾಗಿಲು ತೆರೆಯಿತು. ಮರಿಲಿಂಗಪ್ಪ ಹೊರಗೆ ಬಂದು ನಿಂತು, ಕೊರಳಿನ ಹಾರ ತೆಗೆದು ಗಾಡಿಯ ಮೇಲಿಟ್ಟ.

“ನಂಗ ಗಾಡಿ ಹೊಡ್ಯಾಕ ಬರಂಗಿಲ್ಲ” ಎಂದ.

ಮೊದಲು ಎಲ್ಲರೂ ನಕ್ಕರು. ಬಸವಲಿಂಗ ಎಲ್ಲರಿಗಿಂತ ಜೋರಾಗಿ ನಕ್ಕ. “ಅಣ್ಣಾರು ಮಜಾಕ್ ಮಾಡಾಕತ್ತಾರ.”

“ಮಜಾಕ್ ಅಲ್ಲೋ. ಖರೇನ ಬರಂಗಿಲ್ಲ. ಲೈಸೆನ್ಸೂ ಇಲ್ಲ.”

ನಗೆ ನಿಂತಿತು. ಈಗ ಇವನನ್ನು ಹಿಡಿದು ಬೈಯುತ್ತಾರೆ ಎಂದುಕೊಂಡೆ. ನಮ್ಮ ಮಂದಿಯ ತಲೆ ನನಗೆ ಇನ್ನೂ ಗೊತ್ತಿರಲಿಲ್ಲ. ಹಂಪಮ್ಮ ಮೆಲ್ಲಗೆ ಮುಂದೆ ಬಂದು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಏ ಬಸು, ಹಿಂದಕ್ಕ ಸರಿ. ಅಂವಗ ಇದರಾಗ ಏನೋ ಐಬು ಕಂಡದ. ದೇವರ ಮುಂದ ಬಾಯಿಬಿಟ್ಟು ಹೇಳಬಾರದು ಅಂತ ಹಿಂಗ ಅನ್ನಾಕತ್ಯಾನ. ದೊಡ್ಡ ಮನಿಷ್ಯಾ.”

ಅಷ್ಟೇ ಸಾಕಾಯಿತು. ‘ಒಳಗ ಕೂತ ಕೂಡಲೆ ತಿಳೀತು’ ಎಂದ ಒಬ್ಬ. ‘ಸ್ಟೀರಿಂಗ್ ಮುಟ್ಟಿದ್ದ ತಡ, ಮುಖ ಹೆಂಗ ಬೆವರಿತ್ತು ನೋಡಿದ್ರಿಲ್ಲ’ ಎಂದ ಇನ್ನೊಬ್ಬ. ಜೀವನದಲ್ಲಿ ಒಮ್ಮೆ ಕಷ್ಟಪಟ್ಟು ಖರೆ ಹೇಳಿದವನ ಖರೆಯನ್ನು ಅವನ ಕಣ್ಣೆದುರೇ ಅವನ ದೊಡ್ಡತನಕ್ಕೆ ಜಮಾ ಮಾಡಿಬಿಟ್ಟರು.

ಮರಿಲಿಂಗಪ್ಪ ಸುಮ್ಮನಿದ್ದಿದ್ದರೆ ಅವನ ಹೆಸರು ಉಳಿಯುತ್ತಿತ್ತು, ಇನ್ನೂ ಬೆಳೆಯುತ್ತಿತ್ತು. ಅವನಿಗೆ ಈ ಭೂಮಿಯ ಮೇಲೆ ಇದ್ದ ಆಸ್ತಿ ಎಂದರೆ ಆ ಹೆಸರೊಂದೇ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಅವನು ಸುಮ್ಮನಿರಲಿಲ್ಲ.

“ಇಲ್ಲವ್ವಾ. ಗಾಡಿ ಬಂಗಾರದಂಥಾದ್ದು ಅದ. ಅದಕ್ಕ ಹೆಸರು ಇಡಬ್ಯಾಡ್ರಿ. ಐಬು ಇರೂದು ನನ್ನಾಗ.” “ಬೇಕಾದ್ರ ಕಾಂತೇಶನ್ನ ಕೇಳ್ರಿ. ಯಾದಗಿರ್ಯಾಗ ನಾ ಟೆಸ್ಟಿನ್ಯಾಗ ಫೇಲಾದಾಗ ಅಂವ ಅಲ್ಲೇ ಇದ್ದ. ಇಪ್ಪತ್ತೆರಡು ವರ್ಷದಿಂದ ಅಂವಗ ಗೊತ್ತದ.”

ಅರವತ್ತು ಜನರ ಕಣ್ಣು ನನ್ನ ಮೇಲೆ ಬಿದ್ದವು. ‘ಹೌದು’ ಎಂದು ಅನ್ನುವುದಷ್ಟೇ ಇತ್ತು. ಆದರೆ ‘ಹೌದು’ ಅಂದರೆ ಮುಂದಿನ ಪ್ರಶ್ನೆ ನನಗೇ ಬರುತ್ತದೆ. ಗೊತ್ತಿದ್ದೂ ಮಾಸ್ತರಾದವನು ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ, ಪಕ್ಕದಲ್ಲಿ ಕೂತು ಯಾಕೆ ತಲೆದೂಗಿದೆ, ನಮ್ಮ ಮಿರ್ಚಿ ಯಾಕೆ ತಿಂದೆ? ದಿನಾ ಮಕ್ಕಳಿಗೆ ಖರೆ ಹೇಳಬೇಕೆಂದು ಬೆತ್ತ ತೋರಿಸುವ ನಾನು ನೆಲ ನೋಡಿದೆ.

“ಭಾಳ ವರ್ಷ ಆತಲ್ರಿ,” ಎಂದೆ. “ನಂಗ ಬರೊಬ್ಬರಿ ನೆನಪಿಲ್ಲ.”

“ನೋಡಿದಿಲ್ಲೋ ಬಸು,” ಎಂದಳು ಹಂಪಮ್ಮ.

ಗಾಡಿಯ ಒಳಗೆ ಕೂಡಲು ಯಾರೂ ತಯಾರಿರಲಿಲ್ಲ. ಕಸ್ತೂರಿ ಒಂದೊಂದಾಗಿ ನಿಂಬೆಹಣ್ಣನ್ನು ಗಾಲಿಯ ಕೆಳಗಿನಿಂದ ತೆಗೆದು ಹೊಳೆಗೆ ಹಾಕಿದಳು. ಇನ್ನೂರು ಕುದುರೆಯ ಶಕ್ತಿ ಇದೆ ಎಂದು ಹೇಳಿ ಮಾರಿದ್ದ ಗಾಡಿಯನ್ನು ಆರು ಜನ ಹಿಂದಿನಿಂದ ನೂಕಿ ಗುಡಿಯ ಬಯಲಿನಿಂದ ಹೊರಗೆ ಹಾಕಿದರು. ಮರಿಲಿಂಗಪ್ಪ ಬಸ್ಸು ನಿಲ್ಲುವ ಕಡೆ ನಡೆದುಹೋದ. ನಾನು ಕ್ರೂಸರಿನಲ್ಲಿ ಬಂದೆ. ದಾರಿಯುದ್ದಕ್ಕೂ ಮಂದಿ ಅವನನ್ನು ಹೊಗಳುತ್ತಿದ್ದರು, ನಾನು ಕೇಳುತ್ತಿದ್ದೆ.

ಲಾರಿಯ ಮೇಲೆ ಹೇರಿಸಿ ತಂದ ಕೂಪೆ ಎರಡು ತಿಂಗಳು ಸುರಪುರದಲ್ಲಿ ತಾಡಪತ್ರಿಯ ಕೆಳಗೆ ಬಿದ್ದಿತ್ತು. ಬಸವಲಿಂಗ ಬೆಳಿಗ್ಗೆ ಎದ್ದು ಅದರ ಮುಂದೆ ನಿಂತು ಹಲ್ಲುಜ್ಜುತ್ತಿದ್ದನಂತೆ, ಒಳಗೆ ಕೂಡುತ್ತಿರಲಿಲ್ಲವಂತೆ. ಕೊನೆಗೆ ಕಲಬುರಗಿಯ ಒಬ್ಬ ಡಾಕ್ಟರು ಕೊಂಡರು. ಮರಿಲಿಂಗಪ್ಪ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಇವತ್ತಿಗೂ ಅದನ್ನು ಓಡಿಸುತ್ತಾರೆ, ಒಂದು ಬೋಲ್ಟೂ ಸಡಿಲಾಗಿಲ್ಲ ಎಂದು ಮೌಲಾಲಿ ಹೇಳಿದ.

ಇತ್ತ ಮರಿಲಿಂಗಪ್ಪನ ಹೆಸರು ಮುಗಿಲಿಗೇರಿತು. ಮೊದಲು ಕಿವಿಯಿಂದ ನೋಡುತ್ತಿದ್ದವನು ಈಗ ಬರೀ ಸೀಟಿನಲ್ಲಿ ಕೂತರೆ ಸಾಕು, ಐಬು ತಿಳಿಯುತ್ತದೆ ಎಂದಾಯಿತು. ರಾಯಚೂರಿನಿಂದ ಸಹ ಜನ ಬರತೊಡಗಿದರು. ಅವನು ಹೋಟೆಲಿಗೆ ಬರುವುದನ್ನೇ ಬಿಟ್ಟ. ಮನೆಗೆ ಹೋದವರಿಗೆ ಸುಂದ್ರಮ್ಮ ಬಾಗಿಲಲ್ಲೇ, “ಅವರಿಗೆ ಗಾಡಿ ಹೊಡ್ಯಾಕ ಬರಂಗಿಲ್ರಿ, ನಾ ಮದುವಿ ಆದಾಗಿನಿಂದ ನೋಡಾಕತ್ತೀನಿ, ಹೋಗ್ರಿ” ಎಂದು ಹೇಳುತ್ತಿದ್ದಳು. ಅದನ್ನೂ ಯಾರೂ ನಂಬಲಿಲ್ಲ. ಹೆಂಡತಿಯಾದವಳು ಗಂಡನ ಬಗ್ಗೆ ಅಷ್ಟು ಹಗುರವಾಗಿ ಮಾತಾಡುವುದು ಸಹಜ ಎಂದರು.

ಮುಂಗಾರು ಶುರುವಾದ ಮೇಲೆ ಒಂದು ದಿನ ಭೀಮರಾಯನಗುಡಿಯ ರೋಡಿನಲ್ಲಿ ಡ್ರೈವಿಂಗ್ ಸ್ಕೂಲಿನ ಕಾರೊಂದು ತೆವಳುತ್ತ ಬರುತ್ತಿತ್ತು. ಹಿಂದೆ ಮುಂದೆ ಕೆಂಪು ‘ಎಲ್’ ಬೋರ್ಡು. ಸ್ಟೀರಿಂಗಿನ ಹಿಂದೆ ಮರಿಲಿಂಗಪ್ಪ. ನಲವತ್ತಾರು ವರ್ಷದವನು, ಎದೆ ಸೆಟೆಸಿಕೊಂಡು, ಕಣ್ಣು ಪಿಳುಕಿಸದೆ, ಗಂಟೆಗೆ ಹದಿನೈದು ಕಿಲೋಮೀಟರಿನಲ್ಲಿ. ಸಂಜೆಗೆ ಹೋಟೆಲಿನಲ್ಲಿ ಸುದ್ದಿ ಬೇರೆಯಾಗಿಯೇ ಬಂತು: ಡ್ರೈವಿಂಗ್ ಸ್ಕೂಲಿನವರಿಗೆ ಕಲಿಸಲು ಮರಿಲಿಂಗಪ್ಪ ಸಾಹೇಬರು ಹೋಗುತ್ತಿದ್ದಾರಂತೆ. ನನಗೆ ನಗು ಬರಲಿಲ್ಲ.

ಅವನ ಪರೀಕ್ಷೆ ಯಾವತ್ತು ಎಂದು ಸುಂದ್ರಮ್ಮನಿಂದ ಕೇಳಿ ತಿಳಿದುಕೊಂಡೆ. ಆ ದಿನ ಶಾಲೆಗೆ ರಜೆ ಹಾಕಿ, ಹನ್ನೆರಡು ವರ್ಷದ ಹಿಂದೆ ಅವನು ಆರಿಸಿಕೊಟ್ಟ ಅದೇ ಗಾಡಿಯಲ್ಲಿ ಯಾದಗಿರಿಗೆ ಹೋದೆ. ಈಗ ಬೇವಿನ ಮರ ಇಲ್ಲ, ಸಿಮೆಂಟಿನ ಅಂಗಳ ಇದೆ. ಮೀಸೆ ಮೂಡದ ಹುಡುಗ ಹುಡುಗಿಯರ ಪಾಳಿಯಲ್ಲಿ ಅವನೊಬ್ಬನೇ ನರೆತ ತಲೆಯವನು. ಒಬ್ಬರು ಅವನ ಗುರುತು ಹಿಡಿದು, “ಸಾಹೇಬ್ರ, ಟೆಸ್ಟ್ ತಗೊಳ್ಳಾಕ ಬಂದೀರೇನ್ರಿ?” ಎಂದು ನಮಸ್ಕಾರ ಮಾಡಿದರು. “ಕೊಡಾಕ ಬಂದೀನ್ರಿ” ಎಂದ ಅವನು.

ಮುಂದಕ್ಕೆ ಹೋದ. ಹಿಂದಕ್ಕೆ ಬಂದ. ಎಷ್ಟು ಮೆಲ್ಲಗೆ ಬಂದ ಅಂದರೆ ಹಿಂದಿನವರು ಗೊಣಗಿದರು. ಕಂಬಗಳ ನಡುವೆ ಬಂದು ನಿಂತ. ಒಂದೂ ಬೀಳಲಿಲ್ಲ. ನಾನು ಗೇಟಿನ ಹೊರಗೆ ನಿಂತು ಚಪ್ಪಾಳೆ ಹೊಡೆಯಲು ಕೈ ಎತ್ತಿ, ಮತ್ತೆ ಇಳಿಸಿದೆ. ಹೊಡೆಯುವ ಹಕ್ಕು ನನಗಿಲ್ಲ ಅನ್ನಿಸಿತು.

ಹೊರಗೆ ಬಂದವನ ಮುಂದೆ ನನ್ನ ಕೀಲಿ ಚಾಚಿದೆ. “ಬಾರಲೇ. ಶಹಾಪುರದ ತನಕ ನೀನ ಹೊಡಿ.”

ಅವನು ಕೀಲಿ ತೆಗೆದುಕೊಳ್ಳಲಿಲ್ಲ. ಎಂದಿನಂತೆ ಗಾಡಿಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ಟೈರು ನೋಡಿದ. “ಶುರು ಮಾಡು” ಎಂದ. ನಾನು ಶುರು ಮಾಡಿದೆ. ಅವನು ಹೊರಗೆ ನಿಂತು ಕಣ್ಣು ಮುಚ್ಚಿ ಕೇಳಿದ. ನನಗೆ ಕೆಮ್ಮು ಬರಲಿಲ್ಲ.

“ಗಾಡಿ ಛಲೋ ಅದ,” ಎಂದ. ಆಮೇಲೆ ಕಿಟಕಿಗೆ ಬಗ್ಗಿ, ಸಿಟ್ಟಿಲ್ಲದ ಧ್ವನಿಯಲ್ಲೇ ಹೇಳಿದ. “ಅವತ್ತ ನೀ ಹೌದು ಅಂದಿದ್ರ ಸಾಕಾಗಿತ್ತಲೇ.”

ಅವನು ರೋಡು ದಾಟಿ ಶಹಾಪುರದ ಬಸ್ಸು ಹತ್ತಿದ. ಬಸ್ಸು ತುಂಬಿತ್ತು, ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತ. ನಾನು ಅದರ ಹಿಂದೆಯೇ ಹೊರಟೆ. ಭೀಮಾ ನದಿಯ ಸೇತುವೆ ದಾಟಿದೆವು, ಒಂದರ ಹಿಂದೊಂದು ಬ್ರೇಕರ್ ದಾಟಿದೆವು. ದಾರಿಯುದ್ದಕ್ಕೂ ಅವನ ಬೆನ್ನು ನನಗೆ ಕಾಣುತ್ತಿತ್ತು, ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನು ಆರಿಸಿಕೊಟ್ಟ ಗಾಡಿ ಅವತ್ತೂ ನಡುದಾರಿಯಲ್ಲಿ ನಿಲ್ಲಲಿಲ್ಲ.